ಚೇಗು ಹೊರಗಿರುವ ಮರ: ಗ್ಲಾಸ್ ಸ್ಟ್ಯಾಂಡ್ ಕಸುಬಿನ ಪಾಠಗಳು

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ತೆಂಗಿನ ಹೆಚ್ಚುಕಡಿಮೆ ಎಲ್ಲ ಭಾಗಕ್ಕೂ ಗಿರಾಕಿ ಇದ್ದಾರೆ. ಕಾಯಿ ಅಟ್ಟ ಸೇರಿ ಉಂಡೆ ಕೊಬ್ಬರಿಯಾಗುತ್ತದೆ, ಮಟ್ಟೆ ನಾರಿನ ಫ್ಯಾಕ್ಟರಿಗೆ ಹೋಗುತ್ತದೆ, ಕರಟ ಇದ್ದಿಲಾಗುತ್ತದೆ, ಗರಿ ಚಪ್ಪರಕ್ಕೂ ಪೊರಕೆಗೂ ಬರುತ್ತದೆ. ಕಾಂಡಕ್ಕೆ ಮಾತ್ರ ಆ ಬೆಲೆ ಇಲ್ಲ. ಹಿಂದೆ ಹೆಂಚಿನ ಮನೆಗಳಿಗೆ ತೊಲೆ, ಜಂತೆ ಅಂತ ಬೇಡಿಕೆ ಇತ್ತು. ಈಗ ಎಲ್ಲೆಲ್ಲೂ ತಾರಸಿ ಮನೆ, ಕಡಿದ ಮರ ಇಟ್ಟಿಗೆ ಗೂಡಿನ ಸೌದೆ. ನಾನು ಆ ಕಾಂಡದಿಂದ ವೈನ್ ಗ್ಲಾಸ್ ತೂಗುಹಾಕುವ ಸ್ಟ್ಯಾಂಡ್ ಮಾಡುತ್ತೇನೆ. ಗಿರಾಕಿ ಕೊಟ್ಟ ಅಳತೆಗೆ ಮಾಡಿ ಆನ್‌ಲೈನಿನಲ್ಲೇ ಮಾರುತ್ತೇನೆ. ನಮ್ಮ ಸುತ್ತಿನ ಹುಡುಗರು ಈ ಕಸುಬಿನ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

1. ಮರ ಎಂಥದ್ದು ಅಂತ ತಿಳಿದ ಮೇಲೆ ಏನು ಮಾಡಬೇಕು ಅಂತ ಗೊತ್ತುಮಾಡಿ.

ತೇಗ, ಹೊನ್ನೆ, ಹಲಸು ಯಾವುದೇ ಆಗಲಿ, ಚೇಗು, ಅಂದರೆ ಗಟ್ಟಿ ಮರ, ಒಳಗಿರುತ್ತದೆ, ಬಿಳಿ ಮರ ಹೊರಗಿರುತ್ತದೆ. ತೆಂಗಿನಲ್ಲಿ ಇದು ತಿರುವುಮುರುವು. ತೆಂಗು ಹುಲ್ಲು, ಬಿದಿರಿನ ಕಡೆಯದು. ವರ್ಷಕ್ಕೊಂದು ಉಂಗುರ ಕಟ್ಟಿಕೊಂಡು ದಪ್ಪವಾಗುವ ಜಾತಿಯಲ್ಲ. ಎಳೆಯದಿದ್ದಾಗ ಬುಡ ಎಷ್ಟು ದಪ್ಪ ಕಟ್ಟಿತೋ ಹೆಚ್ಚುಕಡಿಮೆ ಅಷ್ಟೇ, ಆಮೇಲೆ ಬೆಳೆಯುವುದು ಎತ್ತರಕ್ಕೆ. ವಯಸ್ಸಾದಂತೆ ಹೊರಸುತ್ತಿನ ನಾರೆಳೆಗಳು ಗಟ್ಟಿಯಾಗುತ್ತಾ ಹೋಗುತ್ತವೆ, ನಡುವಿನ ತಿರುಳು ಬೆಂಡಾಗಿಯೇ ಉಳಿಯುತ್ತದೆ. ಅರವತ್ತು ವರ್ಷ ದಾಟಿದ ಮರದಲ್ಲಿ ಬುಡದ ಕಡೆಯ ಹೊರಸುತ್ತು ಒಣಗಿದ ಮೇಲೂ ಘನ ಮೀಟರಿಗೆ 600 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ತೇಗಕ್ಕೆ ಸರಿಸಮ. ಅದೇ ಮರದ ನಡುತಿರುಳು 400 ಕೆ.ಜಿ.ಯನ್ನೂ ಮುಟ್ಟುವುದಿಲ್ಲ, ಉಗುರು ಒತ್ತಿದರೆ ಗುಳಿ ಬೀಳುತ್ತದೆ.

ಹಾಗಾಗಿ ತೆಂಗಿನಿಂದ ಅಗಲವಾದ ಗಟ್ಟಿ ಹಲಗೆ ಬರುವುದಿಲ್ಲ. ಮೂರು-ನಾಲ್ಕು ಇಂಚಿನ ಪಟ್ಟಿ ಬರುತ್ತದೆ. ಆದರೆ ಆ ಪಟ್ಟಿ ಎಷ್ಟು ಉದ್ದ ಬೇಕಾದರೂ ಸಿಗುತ್ತದೆ, ಒಂದೂ ಗಂಟಿರುವುದಿಲ್ಲ, ಕೊಂಬೆಯೇ ಇಲ್ಲದ ಮರಕ್ಕೆ ಗಂಟು ಎಲ್ಲಿಂದ ಬರಬೇಕು? ಇದರಲ್ಲಿ ಡೈನಿಂಗ್ ಟೇಬಲ್ ಮಾಡಲು ಹೊರಟರೆ ಅರ್ಧ ಆಯುಷ್ಯ ಪಟ್ಟಿ ಅಂಟಿಸುವುದರಲ್ಲೇ ಕಳೆಯುತ್ತದೆ. ಗ್ಲಾಸ್ ಸ್ಟ್ಯಾಂಡಿಗೆ ಬೇಕಿರುವುದೇ ಕಿರಿದಾದ, ನೇರವಾದ, ಗಟ್ಟಿ ಪಟ್ಟಿ. ಮರ ಏನು ಕೊಡುತ್ತದೋ ಅದಕ್ಕೆ ಹೊಂದುವ ಸಾಮಾನು ಆರಿಸಿಕೊಂಡಿದ್ದರಿಂದಲೇ ಈ ಕಸುಬು ನಿಂತಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

2. ಕಾಯಿ ಬಿಡುವ ಮರಕ್ಕೆ ಕೈ ಹಾಕಬೇಡಿ.

ತೆಂಗು ಮತ್ತು ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ತೇಗ, ಹೊನ್ನೆಗೆ ಬೇಕು. ಕಾನೂನು ಸಲೀಸಾಗಿದೆ ಅಂತ ಎಳೆ ಮರ ಕಡಿಸಿದರೆ ಗಟ್ಟಿ ಮರವೂ ಸಿಗದು, ತೋಟವೂ ಹಾಳು. ನಮಗೆ ಬೇಕಾದ್ದು ಫಲ ನಿಂತ ಮುದಿ ಮರ, ಇಲ್ಲವೇ ಬರಕ್ಕೆ ಸುಳಿ ಒಣಗಿದ ಮರ. 2016ರ ಬರದ ಆಸುಪಾಸಿನಲ್ಲಿ ಬೋರ್‌ವೆಲ್ ಬತ್ತಿ ನಮ್ಮ ಕಡೆ ಎಷ್ಟೋ ತೋಟಗಳು ಹಾಗೆ ನಿಂತಿದ್ದವು.

ಒಣಗಿ ನಿಂತ ಮರವಾದರೆ ತಡಮಾಡಬೇಡಿ. ಬಿಸಿಲು, ಮಳೆಗೆ ಸಿಕ್ಕಿದ ತೆಂಗಿನ ದಿಮ್ಮಿ ಬೇಗ ಬೂಷ್ಟು ಹಿಡಿದು ಹುಳು ಬೀಳುತ್ತದೆ. ಕಡಿದ ಎರಡು ವಾರದೊಳಗೆ ಲೈಸೆನ್ಸ್ ಇರುವ ಸಾ ಮಿಲ್ಲಿಗೆ ಹೋಗಿ ಕೊಯ್ಸಿಬಿಡಬೇಕು. ಅಣಬೆ ರೋಗ ಬಂದ ಮರದ ಬುಡ ಒಳಗೇ ಕೊಳೆತಿರುತ್ತದೆ, ಅದನ್ನು ಬಿಟ್ಟುಬಿಡಿ. ಬೇಲಿ ಸಾಲಿನ ಮರವಾದರೆ ತಂತಿ ಕಟ್ಟಲು ಹೊಡೆದ ಮೊಳೆ ಒಳಗೇ ಮುಚ್ಚಿಹೋಗಿರುತ್ತದೆ, ಮಿಲ್ಲಿಗೆ ಹಾಕುವ ಮುಂಚೆ ಮೆಟಲ್ ಡಿಟೆಕ್ಟರ್ ಆಡಿಸಿ.

ಹಂದನಕೆರೆ ಕಡೆಯ ತೋಟವೊಂದರಲ್ಲಿ ಮರ ನೋಡಲು ಹೋದಾಗ ಅಲ್ಲಿನ ತಾತ ವ್ಯಾಪಾರ ಮಾತಾಡುವ ಮೊದಲೇ ಹೇಳಿದರು: "ಇದು ನಮ್ಮಪ್ಪ ಇಕ್ಕಿದ್ದ ಮರ ಕಣಪ್ಪ. ಗೂಡಿಗೆ ಹಾಕಬ್ಯಾಡ, ಏನಾದ್ರೂ ಸಾಮಾನು ಮಾಡು." "ಇಲ್ಲ ತಾತ, ಸಾಮಾನೇ ಮಾಡೋದು" ಅಂದೆ. ಅಂದಿನಿಂದ ಪ್ರತಿ ಸ್ಟ್ಯಾಂಡಿನ ಹಿಂದೆ ಮರ ಯಾವ ಊರಿನದು ಅಂತ ಬರೆಯುತ್ತೇನೆ. ಗಿರಾಕಿಗಳು ಅದನ್ನು ಬಹಳ ಇಷ್ಟಪಡುತ್ತಾರೆ.

3. ಒಣಗದ ಮರದಲ್ಲಿ ಯಾವ ಕೆಲಸವೂ ನಿಲ್ಲದು.

ಹಸಿ ತೆಂಗಿನ ತಿರುಳಿನಲ್ಲಿ ಮರದ ತೂಕಕ್ಕಿಂತ ನೀರಿನ ತೂಕವೇ ಹೆಚ್ಚು. ಹೊರಸುತ್ತಿನ ಪಟ್ಟಿಯಲ್ಲಿ ಅಷ್ಟಿರುವುದಿಲ್ಲ, ಆದರೆ ಗಟ್ಟಿಯಾದ್ದರಿಂದ ಒಣಗುವುದು ನಿಧಾನ. ಒಂದಿಂಚಿನ ಪಟ್ಟಿಗಳ ನಡುವೆ ರೀಪರ್ ತುಂಡು ಇಟ್ಟು, ನೆರಳಲ್ಲಿ, ಗಾಳಿಯಾಡುವಂತೆ ಎರಡು-ಮೂರು ತಿಂಗಳು ಪೇರಿಸಿಡಬೇಕು. ತೇವ ನೋಡುವ ಮೀಟರ್ ಶೇಕಡಾ 12 ತೋರಿಸುವವರೆಗೆ ಉಳಿ ಮುಟ್ಟಬಾರದು. ತೆಂಗಿನದೊಂದು ಒಳ್ಳೇ ಗುಣವಿದೆ: ಅಗಲಕ್ಕೂ ದಪ್ಪಕ್ಕೂ ಬಹುಪಾಲು ಒಂದೇ ಸಮ ಕುಗ್ಗುತ್ತದೆ, ಹಾಗಾಗಿ ಬೇರೆ ಮರದಷ್ಟು ದೋಣಿಯಂತೆ ಬಾಗುವುದಿಲ್ಲ. ಆದರೂ ತೇವಕ್ಕೆ ಮರ ಉಬ್ಬುವುದರಿಂದ ಮಳೆಗಾಲದ ಮಂಗಳೂರಿಗೆ ಹೋಗುವ ಸ್ಟ್ಯಾಂಡಿನ ಸಂದು ಒಂದು ಮಿ.ಮೀ. ಸಡಿಲ ಬಿಡುತ್ತೇನೆ. ಬಳ್ಳಾರಿಗೆ ಹೋಗುವುದಕ್ಕೆ ಬೇಕಿಲ್ಲ.

4. ಗ್ಲಾಸಿನ ಪಾದವನ್ನಲ್ಲ, ಬಟ್ಟಲನ್ನು ಅಳೆಯಿರಿ.

ಇಡೀ ಕಸುಬಿನ ಜೀವ ಇಲ್ಲಿದೆ. ವೈನ್ ಗ್ಲಾಸನ್ನು ತಲೆಕೆಳಗಾಗಿ ತೂಗುಹಾಕುತ್ತೇವೆ. ಎರಡು ಪಟ್ಟಿಗಳ ನಡುವಿನ ಸಂದಿನಲ್ಲಿ ಕಾಲು ಇಳಿಯುತ್ತದೆ, ಪಾದದ ಬಿಲ್ಲೆ ಪಟ್ಟಿಗಳ ಮೇಲೆ ಕೂರುತ್ತದೆ. ನೋಡುವವರಿಗೆ ಪಾದವೇ ಮುಖ್ಯ ಅನ್ನಿಸುತ್ತದೆ. ಗಿರಾಕಿಗಳೂ ಅದರ ಅಳತೆಯನ್ನೇ ಕಳಿಸುತ್ತಾರೆ. ಆದರೆ ಕೆಂಪು ವೈನಿನ ಗ್ಲಾಸುಗಳಲ್ಲಿ ಬಟ್ಟಲಿನ ಹೊಟ್ಟೆ ಪಾದಕ್ಕಿಂತ ಅಗಲ. ಪಾದ 75 ಮಿ.ಮೀ., ಹೊಟ್ಟೆ 95 ಮಿ.ಮೀ. ಇರುವ ಗ್ಲಾಸ್ ಇಟ್ಟುಕೊಳ್ಳಿ. ಪಾದ ನೋಡಿ 85 ಮಿ.ಮೀ.ಗೊಂದು ಸಂದು ಬಿಟ್ಟರೆ ಪಕ್ಕಪಕ್ಕದ ಬಟ್ಟಲುಗಳು ಒಂದನ್ನೊಂದು ಗುದ್ದಿಕೊಳ್ಳುತ್ತವೆ. ಹೊಟ್ಟೆಗೆ ಹತ್ತು ಮಿ.ಮೀ. ಸೇರಿಸಿ, ಸಂದಿನ ನಡುವಿನಿಂದ ಇನ್ನೊಂದು ಸಂದಿನ ನಡುವಿಗೆ 105 ಮಿ.ಮೀ. ಬಿಡಬೇಕು. ಆರು ಗ್ಲಾಸಿನ ಸಾಲಿಗೆ ಐದು ಅಂತರ, ಅಂದರೆ 525, ಅದಕ್ಕೆ ಒಂದು ಹೊಟ್ಟೆಯ 95 ಕೂಡಿಸಿದರೆ 620 ಮಿ.ಮೀ. ಗಿರಾಕಿಯ ಗೋಡೆಯಲ್ಲಿ ಅಷ್ಟು ಜಾಗ ಇದೆಯೇ ಅಂತ ಅಲ್ಲೇ ಗೊತ್ತಾಗುತ್ತದೆ.

ಸಂದಿನ ಅಗಲ 20ರಿಂದ 25 ಮಿ.ಮೀ. ಇರಲಿ. ಕಾಲು ಸಾಮಾನ್ಯವಾಗಿ ಹತ್ತು ಮಿ.ಮೀ. ಒಳಗೇ ಇದ್ದರೂ ಪಾದದ ಹತ್ತಿರ ಅಗಲವಾಗುತ್ತದೆ. ಸಂದು ಬಿಗಿಯಾದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತೀರಾ ಸಡಿಲವಾದರೆ ಸಣ್ಣ ಪಾದದ ಶಾಂಪೇನ್ ಗ್ಲಾಸ್ ಜಾರಿ ಬೀಳುತ್ತದೆ. ಪಟ್ಟಿಗೂ ಮೇಲಿನ ಹಲಗೆಗೂ ನಡುವೆ ಪಾದ ಸರಾಗವಾಗಿ ಒಳಹೋಗಲು 20 ಮಿ.ಮೀ. ಬಿಡಿ.

ಅಳತೆ ಕೇಳುವಾಗ ಗಿರಾಕಿಗೆ ಒಂದೇ ಮಾತು: ಗ್ಲಾಸನ್ನು ಸ್ಕೇಲಿನ ಪಕ್ಕ ಮಲಗಿಸಿ ಮೇಲಿನಿಂದ ಫೋಟೊ ತೆಗೆದು ಕಳಿಸಿ. ಬಾಯಿಮಾತಿನ ಅಳತೆಗೆ ಮರ ಕೊಯ್ಯಬೇಡಿ. ಫೋಟೊ ಬಂದ ಮೇಲೆ ರಟ್ಟಿನಲ್ಲಿ ಒಂದು ಸಂದು ಕತ್ತರಿಸಿ, ಅದರ ಚಿತ್ರ ಕಳಿಸಿ, "ಸರಿ" ಅನ್ನಿಸಿಕೊಂಡ ಮೇಲೆಯೇ ಅಡ್ವಾನ್ಸ್ ತೆಗೆದುಕೊಳ್ಳಿ.

5. ಸಿಬಿರು ಉಳಿಯಬಾರದು.

ತೆಂಗಿನ ಮರದಲ್ಲಿ ಸಿಲಿಕಾ ಇರುವುದರಿಂದ ಸಾಮಾನ್ಯ ಬ್ಲೇಡು ಬಹುಬೇಗ ಮೊಂಡಾಗುತ್ತದೆ. ಕಾರ್ಬೈಡ್ ಹಲ್ಲಿನ ಬ್ಲೇಡೇ ಬೇಕು. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೇ ಮಾಸ್ಕ್ ಇಲ್ಲದೆ ಯಾರನ್ನೂ ಕೆಲಸಕ್ಕೆ ನಿಲ್ಲಿಸಬೇಡಿ. ಗಟ್ಟಿ ಪಟ್ಟಿಗೆ ನೇರ ಮೊಳೆ ಹೊಡೆದರೆ ನಾರಿನುದ್ದಕ್ಕೂ ಸೀಳುತ್ತದೆ, ಮೊದಲು ಡ್ರಿಲ್ ಹಾಕಿ ಆಮೇಲೆ ಸ್ಕ್ರೂ ತಿರುಗಿಸಿ. ಸಂದಿನ ಒಳ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ 80, 120, 180, 240 ಅಂತ ಹಂತಹಂತವಾಗಿ ಉಜ್ಜಿ, ಕೊನೆಗೆ ಹತ್ತಿಬಟ್ಟೆ ಎಳೆದು ನೋಡಿ. ಬಟ್ಟೆಯ ಎಳೆ ಸಿಕ್ಕಿದರೆ ಗಿರಾಕಿಯ ಬೆರಳೂ ಸಿಕ್ಕುತ್ತದೆ.

6. ಪಾಲಿಶ್ ವಿಚಾರದಲ್ಲಿ ಊರವರ ಮಾತು ಕೇಳಬೇಡಿ.

ತೆಂಗಿನ ನಾಡಲ್ಲಿ ಎಲ್ಲರೂ ಹೇಳುವುದು ಒಂದೇ: ಕೊಬ್ಬರಿ ಎಣ್ಣೆ ಸವರು. ಕೊಬ್ಬರಿ ಎಣ್ಣೆ ಒಣಗಿ ಪೊರೆ ಕಟ್ಟುವ ಎಣ್ಣೆಯಲ್ಲ. ಮರದೊಳಗೆ ಹಸಿಯಾಗಿಯೇ ಉಳಿದು ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ವೈನ್ ಕುಡಿಯುವವರು ಮೊದಲು ಮೂಸುತ್ತಾರೆ. ಗ್ಲಾಸಿಗೆ ಬೇರೆ ವಾಸನೆ ಹತ್ತಿದರೆ ಸ್ಟ್ಯಾಂಡ್ ವಾಪಸ್ ಬಂತು ಅಂತಲೇ ಲೆಕ್ಕ.

ಚನ್ನಪಟ್ಟಣದ ಬೊಂಬೆಗಳ ಮೇಲಿನ ಅರಗಿನ ಹೊಳಪು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಹಾಲೆ ಮರದ ಬೊಂಬೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಅರಗಿನ ಪಾಲಿಶ್ ತಯಾರಿಸುವುದೇ ಹಾಗೆ. ತೊಳೆಯದ ಗ್ಲಾಸನ್ನೋ, ಬ್ರಾಂದಿಯ ಹನಿಯನ್ನೋ ತಾಳಬೇಕಾದ ಪಟ್ಟಿಗೆ ಅದು ಒಗ್ಗದು, ಕಲೆ ಉಳಿಯುತ್ತದೆ. ನಾನು ಬಳಸುವುದು ಹೊಳಪಿಲ್ಲದ ಪಿಯು (ಪಾಲಿಯುರೆಥೇನ್) ಕೋಟಿಂಗ್. ಎರಡು ತೆಳು ಕೋಟು ಹೊಡೆದು, ವಾಸನೆ ಪೂರ್ತಿ ಹೋಗುವವರೆಗೆ ತೆರೆದ ಜಾಗದಲ್ಲಿಟ್ಟು, ಆಮೇಲಷ್ಟೇ ಡಬ್ಬಕ್ಕೆ. ಎಣ್ಣೆಯ ಮೆರುಗೇ ಬೇಕು ಅನ್ನುವವರಿಗೆ ಅಗಸೆ ಎಣ್ಣೆ ಹಾಕಬಹುದು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನಾರು, ಗರಿ, ಕೊಬ್ಬರಿ ತುಂಬಿದ ನಮ್ಮ ಮನೆಗಳಲ್ಲಿ ಇದು ಪ್ರಾಣಾಪಾಯದ ವಿಷಯ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

7. ಜೋಡಿಸಿ ಕಳಿಸಬೇಡಿ, ಬಿಚ್ಚಿ ಕಳಿಸಿ.

ಕೊರಿಯರಿನವರು ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಗಾತ್ರದ ತೂಕ ಅಂದರೆ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸಿದ್ದು. ಮೂರೂವರೆ ಕೆ.ಜಿ.ಯ ಸ್ಟ್ಯಾಂಡನ್ನು ಜೋಡಿಸಿಯೇ 65 x 35 x 20ರ ಡಬ್ಬಕ್ಕೆ ಹಾಕಿದರೆ 9.1 ಕೆ.ಜಿ. ಲೆಕ್ಕ. ಅದನ್ನೇ ಬಿಚ್ಚಿ 65 x 20 x 8ರ ಡಬ್ಬದಲ್ಲಿಟ್ಟರೆ ಗಾತ್ರದ ತೂಕ 2.08 ಕೆ.ಜಿ., ಹಾಗಾಗಿ ಮೂರೂವರೆ ಕೆ.ಜಿ.ಗಷ್ಟೇ ಕೊಡುತ್ತೇವೆ. ಸ್ಕ್ರೂ, ಗೋಡೆ ಪ್ಲಗ್ಗು, ಜೋಡಿಸುವ ಚಿತ್ರ ಒಂದು ಸಣ್ಣ ಚೀಲದಲ್ಲಿರಲಿ. ಜೋಡಣೆಯ ವಿಡಿಯೊ ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸಿ. ಖಾಸಗಿ ಕೊರಿಯರಿನವರು ಬಾರದ ದಿನ ನಮ್ಮ ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ಇದ್ದೇ ಇದೆ.

ತುಂಬಲು ತೆಂಗಿನ ನಾರು ಒಳ್ಳೆಯದೇ, ಆದರೆ ಪೂರ್ತಿ ಒಣಗಿದ, ಪುಡಿ ಒದರಿದ ನಾರು. ನಾರಿನ ಪುಡಿ ನೀರು ಹೀರಿಕೊಂಡು ಕೂರುತ್ತದೆ, ಮರಕ್ಕೆ ಕಲೆ ಹತ್ತುತ್ತದೆ.

8. ಮರದ ಬೆಲೆ ನೋಡಿ ರೇಟು ಕಟ್ಟಬೇಡಿ.

ಸೌದೆ ಬೆಲೆಗೆ ಸಿಗುವ ಮರ ತಾನೇ ಅಂತ ಗಿರಾಕಿಯೂ ಅನ್ನುತ್ತಾನೆ, ನಿಮಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಮರ ಅತಿ ಸಣ್ಣ ಖರ್ಚು. ತಿಂಗಳುಗಟ್ಟಲೆ ಒಣಗುವ ಜಾಗ, ಸವೆಯುವ ಬ್ಲೇಡು, ಉಜ್ಜುವ ಕೂಲಿ, ಆನ್‌ಲೈನ್ ಮಾರುಕಟ್ಟೆಯ ಕಮಿಷನ್, ಕೊರಿಯರ್, ಅಳತೆ ಮಾತಾಡುವ ಹೊತ್ತು, ಇವೇ ನಿಜವಾದ ಖರ್ಚು. ಆಚಾರ್ರಿಗೆ ನಮ್ಮೂರ ಕೂಲಿ, ಗಿರಾಕಿಗೆ ಬೆಂಗಳೂರಿನ ರೇಟು ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಒಳ್ಳೇ ಕೈಕೆಲಸದವರಿಗೆ ನಗರದ ಕೂಲಿಯನ್ನೇ ಕೊಟ್ಟರೆ ಅವರು ಊರು ಬಿಡುವುದಿಲ್ಲ.

9. ಕಾಗದಪತ್ರ ಮೊದಲೇ ನೇರ ಮಾಡಿಕೊಳ್ಳಿ.

ವರ್ಷದ ವಹಿವಾಟು 40 ಲಕ್ಷ ದಾಟದೆ, ಕರ್ನಾಟಕದೊಳಗಷ್ಟೇ ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುವ ಸಣ್ಣವರಿಗೂ ಈ ಸೌಲಭ್ಯ ಬಂದಿದೆ, ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು. ಪುಣೆಗೋ ಹೈದರಾಬಾದಿಗೋ ಕಳಿಸುವುದಾದರೆ ನೋಂದಣಿ ಬೇಕಾಗುತ್ತದೆ. ಕರಕುಶಲ ವಸ್ತುಗಳಿಗೆ ಬೇರೆ ರಿಯಾಯಿತಿ ಇದೆ, ನಿಮ್ಮ ಸಾಮಾನು ಅದರಡಿ ಬರುತ್ತದೋ ಇಲ್ಲವೋ ಅಂತ ಆಡಿಟರನ್ನು ಕೇಳಿ. ಅಳತೆಗೆ ಮಾಡಿಸಿದ ಸಾಮಾನಿನ ವಾಪಸಾತಿ ನಿಯಮವನ್ನು ಆರ್ಡರಿಗೆ ಮುಂಚೆಯೇ ಬರೆದು ತೋರಿಸಿ. ಮರ ಕೊಯ್ಯುವ, ಒಣಗಿಸುವ ವಿದ್ಯೆ ಕಲಿಯಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

10. ಮುದಿ ಮರಕ್ಕೆ ಈಗಲೇ ಮಾತಾಡಿಡಿ.

2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 30,000 ದಾಟಿತು. ರೈತರ ಕೈಗೆ ಕಾಸು ಬಂದದ್ದು ನಮಗೂ ಸಂತೋಷವೇ. ಆದರೆ ಆ ಬೆಲೆಗೆ ವರ್ಷಕ್ಕೆ ಹತ್ತಿಪ್ಪತ್ತು ಕಾಯಿ ಬಿಡುವ ಮುದಿ ಮರವನ್ನೂ ಯಾರೂ ಕಡಿಸುವುದಿಲ್ಲ. ಕಡಿಸಬಾರದು ಕೂಡ. ಫಿಲಿಪ್ಪೀನ್ಸ್‌ನಲ್ಲಿ ತೆಂಗಿನ ನಾಟಕ್ಕೆ ಬೇಡಿಕೆ ಏರಿ, ಮರ ಕಡಿಯುವುದು ಮಿತಿ ಮೀರಿದಾಗ 1995ರಲ್ಲಿ ಕಾಯ್ದೆ ತಂದು ತಡೆಯಬೇಕಾಯಿತು. ನಾನೀಗ ಸೆಟ್ಟಿಕೆರೆ, ಹುಳಿಯಾರು ಕಡೆಯ ತೋಟದವರ ಹತ್ತಿರ ಮುಂಗಡವಾಗಿ ಮಾತಾಡಿಟ್ಟಿದ್ದೇನೆ: ಮರದ ಫಲ ತಾನಾಗಿ ನಿಂತ ದಿನ ಫೋನ್ ಮಾಡಿ, ಗೂಡಿನವರು ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ, ಆ ಗುಂಡಿಗೆ ಹಾಕಲು ಒಂದು ತಿಪಟೂರು ಟಾಲ್ ಸಸಿಯನ್ನೂ ತರುತ್ತೇನೆ. ಮರ ಸಿಗದ ತಿಂಗಳು ಸಿಲ್ವರ್ ಓಕಿನಲ್ಲಿ ಕೆಲಸ ನಡೆಯುತ್ತದೆ. ಅಂಥ ಸ್ಟ್ಯಾಂಡಿನ ಹಿಂದೆ ಸಿಲ್ವರ್ ಓಕ್ ಅಂತಲೇ ಬರೆದು, ಅದರ ಬೆಲೆಗೇ ಮಾರುತ್ತೇನೆ.