ದಾಸೋಹವೂ ದಾಯಭಾಗವೂ

ಗೃಹಸ್ಥನಾದ ಲಿಂಗಭಕ್ತನು ತನ್ನ ಗಳಿಕೆಯಲ್ಲಿ ಎಷ್ಟನ್ನು ದಾಸೋಹಕ್ಕೆ ಸಲ್ಲಿಸಬೇಕು, ಎಷ್ಟನ್ನು ಮಡದಿ ಮಕ್ಕಳಿಗೆ ಉಳಿಸಬೇಕು ಎಂಬುದು ಹಳೆಯ ಪ್ರಶ್ನೆ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಎಲ್ಲರೂ ಬಲ್ಲರು. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಇದರಲ್ಲಿ ನಾವು ನಿರ್ಲೋಭವನ್ನು ಮಾತ್ರ ಕಾಣುತ್ತೇವೆ. ಆದರೆ ಹೆಚ್ಚಾದುದು ಯಾವುದೆಂದು ಹೇಳಬೇಕಾದರೆ, ಸಾಲುವುದು ಎಷ್ಟೆಂಬುದು ಆ ತಾಯಿಗೆ ಮೊದಲೇ ತಿಳಿದಿರಬೇಕಷ್ಟೆ!

ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಧರ್ಮಛತ್ರವನ್ನು ಸ್ಥಾಪಿಸಿ, ತಮ್ಮ ಸಂಪತ್ತನ್ನು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟರು. 1904ರ ವೀರಶೈವ ಮಹಾಸಭೆಯ ಪ್ರಥಮಾಧಿವೇಶನದ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜರು ಮೃತ್ಯುಪತ್ರದ ಮೂಲಕ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಇಬ್ಬರೂ ಪ್ರಾತಃಸ್ಮರಣೀಯರು. ಆದರೆ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಮಕ್ಕಳೊಂದಿಗನು ಅವರನ್ನು ಹಾಗೆಯೇ ಅನುಕರಿಸಲಾಗದು.

ಘಟ್ಟದ ಮೇಲಿಂದ ಬಂದು ಮಂಗಳೂರಿನ ಬೈಕಂಪಾಡಿಯಲ್ಲಿ ಸಣ್ಣ ಕಾರ್ಖಾನೆಯೊಂದನ್ನು ನಡೆಸುವ ಭಕ್ತನನ್ನು ಭಾವಿಸಿರಿ. ಮಗನು ಓದುತ್ತಿದ್ದಾನೆ, ಮಗಳಿಗೆ ಇನ್ನೂ ವಿವಾಹವಾಗಿಲ್ಲ. ಊರಿನ ಪ್ರಸಾದನಿಲಯಕ್ಕೂ ಏನಾದರೂ ಮಾಡಬೇಕೆಂಬ ಹಂಬಲ. ಇಂಥವನು ಸಾಮಾನ್ಯವಾಗಿ ಒಂದೇ ಪತ್ರದಲ್ಲಿ, ‘ಅರ್ಧ ಉತ್ಪನ್ನ ಮಕ್ಕಳಿಗೆ, ಅರ್ಧ ಧರ್ಮಕ್ಕೆ’ ಎಂದು ಬರೆಸಲು ಹೊರಡುತ್ತಾನೆ. ಸರಳವಾಗಿ ತೋರಿದರೂ ಇದು ತೊಡಕಿನ ದಾರಿ. ಧರ್ಮಾರ್ಥ ಟ್ರಸ್ಟಿನ ಆದಾಯವು ಅದನ್ನು ಸ್ಥಾಪಿಸಿದವನ ಹೆಂಡತಿ ಮಕ್ಕಳ ಪ್ರಯೋಜನಕ್ಕೆ ಹರಿದರೆ ಆದಾಯ ತೆರಿಗೆಯ ವಿನಾಯಿತಿಗೆ ಧಕ್ಕೆ ಬರುತ್ತದೆ. ಧರ್ಮದ ಹೆಸರಿನಲ್ಲಿ ಮನೆವಾರ್ತೆ ನಡೆಸುವುದು ಶರಣಧರ್ಮಕ್ಕೂ ಒಪ್ಪದು.

ಆದುದರಿಂದ ಪತ್ರಗಳು ಎರಡಾಗಬೇಕು. ಕುಟುಂಬದ ಪೋಷಣೆಗೆ 1882ರ ಭಾರತೀಯ ಟ್ರಸ್ಟ್ ಕಾಯಿದೆಯಂತೆ ಖಾಸಗಿ ಟ್ರಸ್ಟು; ಪ್ರಸಾದನಿಲಯಕ್ಕೆ ಪ್ರತ್ಯೇಕವಾದ ಸಾರ್ವಜನಿಕ ಧರ್ಮಾರ್ಥ ಟ್ರಸ್ಟು. ಸ್ಥಿರಾಸ್ತಿಯಿದ್ದಲ್ಲಿ ನೋಂದಣಿಯಾಗಬೇಕು. ಕೈಗಾರಿಕಾ ಮಂಡಳಿಯಿಂದ ಪಡೆದ ನಿವೇಶನವಾದರೆ ಕರಾರಿನ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಸ್ವಯಾರ್ಜಿತವನ್ನು ಇಚ್ಛೆಯಂತೆ ಕೊಡಬಹುದು. ಪಿತ್ರಾರ್ಜಿತದ ಒಟ್ಟು ಆಸ್ತಿ ಒಬ್ಬನದಲ್ಲ. 2005ರ ತಿದ್ದುಪಡಿಯ ಅನಂತರ ಅದರಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಅವಳ ಪಾಲನ್ನು ಮಠಕ್ಕೆ ಬರೆದುಕೊಟ್ಟು ದಾನಿಯೆನಿಸಿಕೊಂಡರೆ ಅದು ಪರಧನವಲ್ಲದೆ ಮತ್ತೇನು?

ಧರ್ಮಾರ್ಥ ಟ್ರಸ್ಟಿನ ಧರ್ಮದರ್ಶಿಗಳಲ್ಲಿ ಮಕ್ಕಳಿರಬಾರದೆಂದೇನೂ ಇಲ್ಲ. ಆದರೆ ಲೆಕ್ಕವನ್ನು ಕೇಳುವ ಧೈರ್ಯವುಳ್ಳ ಹೊರಗಿನವರು ಇಬ್ಬರಾದರೂ ಅವರೊಡನೆ ಕುಳಿತಿರಬೇಕು.