ಪೆನ್ಸಿಲ್‌ಗಿಂತ ಮೊದಲು ರಾಗಿ ತಟ್ಟೆ

ಪ್ರಶ್ನೆ: ನಾಲ್ಕೂವರೆ ವರ್ಷದ ಮಗಳು ಪೆನ್ಸಿಲ್ ಹಿಡಿಸಿದರೆ ಅಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಗೌರಿಬಿದನೂರು

ಉತ್ತರ: ಗಾಬರಿ ಬೇಡಮ್ಮ. ಈ ವಯಸ್ಸಿನಲ್ಲಿ ಬೆರಳುಗಳ ಸಣ್ಣ ಸ್ನಾಯುಗಳು ಇನ್ನೂ ಬಲಿಯುತ್ತಿರುತ್ತವೆ. ಸ್ವಲ್ಪ ದಿನ ಪೆನ್ಸಿಲ್ ಬದಿಗಿಡಿ. ತಟ್ಟೆಯಲ್ಲಿ ರಾಗಿ ಹರಡಿ ತೋರುಬೆರಳಿನಲ್ಲಿ ಅಕ್ಷರ ಬರೆಯಲಿ. ತಪ್ಪಿದರೆ ತಟ್ಟೆ ಅಲುಗಿಸಿದರಾಯಿತು. ನೆಲದ ಮೇಲೆ ದೊಡ್ಡದಾಗಿ ಅಕ್ಷರ ಬರೆದುಕೊಡಿ, ಗೆರೆಯುದ್ದಕ್ಕೂ ಹುಣಸೆಬೀಜ ಜೋಡಿಸಲಿ. ಬೀಜ ಬಾಯಿಗೆ ಹೋಗದಂತೆ ಜೊತೆಗಿರಿ. ಚಪಾತಿ ಹಿಟ್ಟು ಹೊಸೆದು ಅಕ್ಷರ ಮಾಡಲಿ. ಪ್ರತಿ ಸಲವೂ ಆ ಅಕ್ಷರವನ್ನು ಬಾಯಿಬಿಟ್ಟು ಹೇಳಿಸಿ.

ಅಕ್ಷರಮಾಲೆಯ ಕ್ರಮದಲ್ಲೇ ಕಲಿಸಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಅಷ್ಟರಿಂದಲೇ ಮಗು ‘ಸರ’, ‘ಗರಗಸ’, ‘ಅರಸ’ ಓದಬಲ್ಲದು.

ದಿನಕ್ಕೆ 10 ನಿಮಿಷ ಸಾಕು. ಅವಳೇ ಕೇಳಿದಾಗ ಸ್ಲೇಟು, ಬಳಪ ಕೊಡಿ. ಬೈದು ಬರೆಸಬೇಡಿ, ಅಕ್ಷರದ ಮೇಲಿನ ಪ್ರೀತಿಯೇ ಮುಖ್ಯ.