ಕುಡಿದು ಓಡಿಸಿದ ಕೇಸು: ದಂಡ ಕಟ್ಟುವ ಮೊದಲು ಓದಿ

ಸರ್ಕಾರಿ ನೇಮಕಾತಿಯ ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ ಎರಡನ್ನೂ ಗೆದ್ದ ಹುಡುಗರು ಕಡೆಗೆ ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ ಸೋತು ವಕೀಲರ ಬಾಗಿಲಿಗೆ ಬರುತ್ತಾರೆ. ಎಲ್ಲರದೂ ಒಂದೇ ಮಾತು: "ಕೇಸೇನೂ ಇರಲಿಲ್ಲ ಸರ್, ಕುಡಿದು ಬೈಕ್ ಓಡಿಸಿದ್ದಕ್ಕೆ ಫೈನ್ ಕಟ್ಟಿದ್ದೆ." ಹಾಗಂತ ಅವರಿಗೆ ಹೇಳಿದವರು ಯಾರು? ಠಾಣೆಯ ಸಿಬ್ಬಂದಿ ಇಲ್ಲವೇ ಕೋರ್ಟ್ ಆವರಣದ ದಲ್ಲಾಳಿ.

ಹೆಲ್ಮೆಟ್ ಹಾಕದ್ದಕ್ಕೆ ಕಟ್ಟುವ ದಂಡ ರಸ್ತೆಯಲ್ಲೇ ಮುಗಿಯುತ್ತದೆ. ಕುಡಿದು ಓಡಿಸಿದ್ದಕ್ಕೆ ಅನ್ವಯಿಸುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಗಲ್ಲ. ಉಸಿರಿನ ಪರೀಕ್ಷೆಯಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೀರಿ ಮದ್ಯಾಂಶ ಕಂಡರೆ ಪ್ರಕರಣ ನ್ಯಾಯಾಲಯಕ್ಕೇ ಹೋಗಬೇಕು. ಪೊಲೀಸರು ರಾಜಿ ಮಾಡುವಂತಿಲ್ಲ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ ಅಥವಾ ಎರಡೂ. ರಸೀದಿಯಿಲ್ಲದೆ ರಸ್ತೆಯಲ್ಲಿ ಕೊಟ್ಟ ಹಣ ದಂಡವಲ್ಲ, ಲಂಚ. ಅದರಿಂದ ಕೇಸು ಮುಗಿಯುವುದಿಲ್ಲ.

ಜನ ಮುಳುಗುವುದು ನ್ಯಾಯಾಲಯದಲ್ಲಿ. "ಒಪ್ಪಿಕೊಂಡುಬಿಡಿ, ಇವತ್ತೇ ಗಾಡಿ ಕೈಗೆ ಬರುತ್ತೆ" ಎನ್ನುತ್ತಾನೆ ದಲ್ಲಾಳಿ. ನ್ಯಾಯಾಧೀಶರು ಕೇಳಿದಾಗ ಹೌದೆಂದು ದಂಡ ಕಟ್ಟಿದಿರೋ, ಕಾನೂನಿನ ಲೆಕ್ಕದಲ್ಲಿ ನೀವು ಶಿಕ್ಷೆಗೊಳಗಾದ ಅಪರಾಧಿ. ಸ್ವಇಚ್ಛೆಯಿಂದ ಒಪ್ಪಿಕೊಂಡ ತಪ್ಪಿನ ಮೇಲೆ ಆಮೇಲೆ ಮೇಲ್ಮನವಿ ಸಲ್ಲಿಸಲೂ ಆಗದು. ಶಿಕ್ಷೆಯ ಪ್ರಮಾಣವನ್ನೋ ಕಾನೂನುಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು, ಅದೂ ಎಲ್ಲ ಪ್ರಕರಣಗಳಲ್ಲಿ ಅಲ್ಲ. ಗಾಡಿ ಬಿಡಿಸಿಕೊಳ್ಳಲು ತಪ್ಪೊಪ್ಪಿಕೊಳ್ಳಲೇಬೇಕೆಂಬುದು ಶುದ್ಧ ಸುಳ್ಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಂನಡಿ ವಾಹನಕ್ಕಾಗಿ ಪ್ರತ್ಯೇಕ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಇದನ್ನು ಹೇಳಿದರೆ ದಲ್ಲಾಳಿಯ ಹೊಟ್ಟೆ ತುಂಬುವುದಿಲ್ಲ.

ಕುಡಿದು ಗಾಡಿ ಓಡಿಸುವುದು ಕೊಲೆಗೆ ಹತ್ತಿರದ ಕೆಲಸ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಉಸಿರು ಪರೀಕ್ಷಿಸುವ ಯಂತ್ರದ ಫಲಿತಾಂಶದ ಚೀಟಿ ಕೇಳಿ ಪಡೆಯಿರಿ. ಹೆಸರು, ಸಮಯ, ಅಂಕಿ ನೋಡಿ. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಹಾಗಂತ ಊದಲು ನಿರಾಕರಿಸಬೇಡಿ, ಸಕಾರಣವಿಲ್ಲದ ನಿರಾಕರಣೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ತಪ್ಪು ನಿಜವೇ ಆಗಿದ್ದು, ಅದು ಮೊದಲನೆಯದಾದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ನೀಡಿ ಬಿಡುವಂತೆ ವಕೀಲರ ಮೂಲಕ ಕೇಳಿಕೊಳ್ಳಿ. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಕೊಟ್ಟರೆ ಆ ಕಾಯ್ದೆಯ 12ನೇ ಕಲಂ ಶಿಕ್ಷೆಯಿಂದ ಬರುವ ಅನರ್ಹತೆಯನ್ನು ತೆಗೆಯುತ್ತದೆ. ಆದರೆ ನಡೆದ ಘಟನೆಯನ್ನು ಅದು ಅಳಿಸುವುದಿಲ್ಲ; ಇಲಾಖಾ ಕ್ರಮದಿಂದಲೂ ಕಾಪಾಡುವುದಿಲ್ಲ.

ಇನ್ನು ಆ ಪೊಲೀಸ್ ಪರಿಶೀಲನೆಯ ನಮೂನೆ. ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ದಂಡ ಬಿದ್ದಿತ್ತೇ ಎಂದು ಬೇರೆ ಬೇರೆಯಾಗಿ ಕೇಳುತ್ತಾರೆ. ದಂಡ ಕಟ್ಟಿದವರು ಎಲ್ಲಕ್ಕೂ "ಇಲ್ಲ" ಎಂದು ಬರೆದುಬಿಡುತ್ತಾರೆ. ಕೆಲಸ ಹೋಗುವುದು ಹೆಚ್ಚಾಗಿ ಕುಡಿದದ್ದಕ್ಕಲ್ಲ, ಈ "ಇಲ್ಲ"ಕ್ಕೆ. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಕೊಡುವ ಮಾಹಿತಿ ನಿಜವಿರಬೇಕು, ಕ್ಷುಲ್ಲಕ ಅಪರಾಧವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರ ಮನ್ನಿಸಬಹುದು, ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ತಪ್ಪು ಹೊರಿಸುವಂತಿಲ್ಲ. ನಿಜ ಹೇಳಿದರೂ ಕೆಲಸ ಖಚಿತವಲ್ಲ, ಪ್ರಾಧಿಕಾರ ಯೋಗ್ಯತೆಯನ್ನು ತೂಗಿ ನೋಡಬಹುದು. ಆದರೂ ನಿಜ ಹೇಳಿದವನ ಪರವಾಗಿ ವಾದಿಸಲು ವಕೀಲನಿಗೆ ನೆಲವಿರುತ್ತದೆ. ಆದ್ದರಿಂದ ತೀರ್ಪಿನ ದೃಢೀಕೃತ ನಕಲು, ದಂಡದ ರಸೀದಿ ಎರಡನ್ನೂ ಎತ್ತಿಡಿ. ಖಾಸಗಿ ಕಂಪನಿಯಾದರೆ ಗೊತ್ತಾಗದು ಎಂದುಕೊಳ್ಳಬೇಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಪ್ರಕರಣ ಹುಡುಕಬಹುದು.

ಚಾಲನೆಯೇ ವೃತ್ತಿಯಾದವರಿಗೆ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡು ಅನರ್ಹತೆ ಅಥವಾ ರದ್ದತಿಗಾಗಿ ಆರ್‌ಟಿಒಗೆ ಕಳಿಸಬಹುದು. ಆರ್‌ಟಿಒ ನೋಟಿಸ್ ಬಂದರೆ ಉತ್ತರ ಕೊಡದೆ ಕೂರಬೇಡಿ. ನಿಮ್ಮ ಮಾತು ಕೇಳಿಯೇ ಅವರು ಆದೇಶ ಮಾಡಬೇಕು.

ಓದಲು ಹೊರದೇಶಕ್ಕೆ ಹೊರಟವರೂ ಎಚ್ಚರವಿರಲಿ. ಅಮೆರಿಕದ ವೀಸಾ ಅರ್ಜಿ ಶಿಕ್ಷೆಯನ್ನಷ್ಟೇ ಅಲ್ಲ, ಬಂಧನವನ್ನೂ ಕೇಳುತ್ತದೆ. ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ಓಡಿಸುವುದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ. ಅಲ್ಲಿನ ಮಿತಿ 80 ಮಿ.ಗ್ರಾಂ. ಆದ್ದರಿಂದ ನಿಮ್ಮ ಚೀಟಿಯ ಅಂಕಿ ಅಲ್ಲಿ ವಾದಕ್ಕೆ ಬೇಕಾದೀತು.

ವಕೀಲರ ಶುಲ್ಕಕ್ಕೆ ಹೆದರಿ ದಲ್ಲಾಳಿಯ ಹಿಂದೆ ಹೋಗಬೇಡಿ. ತಪ್ಪೊಪ್ಪಿಗೆಗೆ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.